ಬಿಗಿಯುವ ಮೊದಲು

ಹೆಸರನ್ನು ನಂಬಿ ವಸ್ತುವನ್ನು ಅರಿಯಹೊರಟವರು ಮೋಸಹೋಗುವುದುಂಟು. ‘ಬೆಟ್ಟದ ಸೈಕಲ್ಲ’ನ್ನೇ ನೋಡಿರಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಗುಡ್ಡಗಳಲ್ಲಿ ರೂಪುಗೊಂಡ ಈ ವಾಹನಕ್ಕೆ ಬೆಟ್ಟವೇ ಬೇಕೆಂದಿಲ್ಲ. 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ನಾಡಿಗಿತ್ತ ಗೆಳೆಯರ ಊರಾದ ಹಲಸಂಗಿಯ ಬಯಲಿನಲ್ಲಿ, ಎರೆಹೊಲಗಳ ನಡುವಣ ಬಂಡಿಯ ಜಾಡಿನಲ್ಲಿಯೂ ಅದರ ಅಗಲವಾದ ಗಾಲಿಗಳು ಸಲೀಸಾಗಿ ಉರುಳಬಲ್ಲವು.

ಅದಕ್ಕೆ ಜೋಡಿಸುವ ಪೆಡಲಿನ ಹೆಸರಂತೂ ಇನ್ನೂ ವಿಚಿತ್ರ. ‘ಕ್ಲಿಪ್‌ಲೆಸ್’, ಎಂದರೆ ಕ್ಲಿಪ್ಪಿಲ್ಲದ್ದು, ಎಂದು ಅದನ್ನು ಕರೆಯುತ್ತಾರೆ. ಆದರೆ ಕಾಲನ್ನು ಅದರಷ್ಟು ಬಿಗಿಯಾಗಿ ಹಿಡಿಯುವ ಸಾಧನ ಬೇರೊಂದಿಲ್ಲ. ಹಿಂದಿನ ಪಂದ್ಯಾಳುಗಳು ಪಾದದ ತುದಿಯನ್ನು ಲೋಹದ ಕುಣಿಕೆಯಲ್ಲಿ ತೂರಿಸಿ, ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಹಿಮದ ಮೇಲೆ ಜಾರುವವರ ಪಾದರಕ್ಷೆಯ ಕೀಲನ್ನು ಮಾದರಿಯಾಗಿಟ್ಟುಕೊಂಡು ಫ್ರಾನ್ಸಿನ ಲುಕ್ ಸಂಸ್ಥೆ 1984ರಲ್ಲಿ ಆ ಕುಣಿಕೆಯನ್ನು ತೆಗೆದುಹಾಕಿತು. ಮರುವರ್ಷವೇ ಬರ್ನಾರ್ ಇನೊ ಆ ಪೆಡಲುಗಳನ್ನು ತುಳಿದು ‘ಟೂರ್ ದ ಫ್ರಾನ್ಸ್’ ಗೆದ್ದನು. 1990ರಲ್ಲಿ ಜಪಾನಿನ ಶಿಮಾನೊ ಸಂಸ್ಥೆಯು ಅಂಗಾಲಿನ ಗುಳಿಯಲ್ಲಿ ಅಡಗುವ ಚಿಕ್ಕ ಲೋಹದ ತುಂಡನ್ನು ತಂದುದರಿಂದ ಬೆಟ್ಟದ ಸವಾರನು ಇಳಿದು ನಡೆಯುವುದೂ ಸುಲಭವಾಯಿತು.

ಕುಲುಕುವ ದಾರಿಯಲ್ಲಿ ಪಾದ ಜಾರದಿರುವುದು ಇದರ ಗುಣ. ಆದರೆ ಹೊಸಬನು ಬೀಳುವುದು ವೇಗದಲ್ಲಲ್ಲ, ನಿಲ್ಲುವಾಗ! ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಕೀಲು ಬಿಡುತ್ತದೆ. ಗಾಬರಿಯಾದವನಾದರೋ ಕಾಲನ್ನು ಮೇಲಕ್ಕೇ ಎಳೆಯುತ್ತಾನೆ. ಸೈಕಲ್ಲು ನಿಂತಿತು, ಕಾಲು ಬರಲಿಲ್ಲ. ಸವಾರ ಪಕ್ಕಕ್ಕೆ ಉರುಳಿದ. ನೆಲಕ್ಕೆ ಚಾಚಿದ ಕೈಯ ಮಣಿಕಟ್ಟು ಅದರ ಬೆಲೆಯನ್ನು ತೆರಬೇಕಾದೀತು. ಮಳೆಗಾಲದ ಎರೆಮಣ್ಣು ಕೀಲಿನಲ್ಲಿ ಮೆತ್ತಿದರಂತೂ ಕಾಲು ಸೇರುವುದೂ ಕಷ್ಟ, ಬಿಡುವುದೂ ಕಷ್ಟ.

ಇದಕ್ಕೆ ಉಪಾಯವಿಲ್ಲದಿಲ್ಲ. ಪೆಡಲಿನ ಚಿಕ್ಕ ತಿರುಪನ್ನು ಸಡಿಲಿಸಿ ಬಿಗಿತವನ್ನು ಕಡಿಮೆ ಮಾಡಬಹುದು. ಗೋಡೆಗೆ ಆತು ನಿಂತು, ಒಂದೊಂದೇ ಕಾಲನ್ನು ಹತ್ತಾರು ಬಾರಿ ಸೇರಿಸಿ ಬಿಡಿಸಬೇಕು. ದಾರಿಯಲ್ಲಿ ನಿಲ್ಲುವ ಮುನ್ನವೇ, ಚಕ್ರ ಇನ್ನೂ ಉರುಳುತ್ತಿರುವಾಗ, ಒಂದು ಕಾಲನ್ನು ಬಿಡಿಸಿಕೊಳ್ಳಬೇಕು. ಮಣ್ಣು ಮೆತ್ತಿದರೆ ಕಡ್ಡಿಯಿಂದ ಕೆರೆದು ತೆಗೆಯಬೇಕು.

ಹೇಳಿಕೇಳಿ ವಿಜಯಪುರ ಜಿಲ್ಲೆ ಸೈಕಲ್ ಪಟುಗಳ ತವರು. ಅಲ್ಲಿಯ ಹುಡುಗ ಹುಡುಗಿಯರು ಇಂಥ ಪಾದರಕ್ಷೆಯನ್ನು ಬಯಸುವುದು ಸಹಜ. ಹಿರಿಯರು ಕೊಡಿಸುವುದೂ ತಪ್ಪಲ್ಲ. ಆದರೆ ಮೊದಲ ದಿನ, “ಕಾಲನ್ನು ಹೇಗೆ ಬಿಡಿಸಿಕೊಳ್ಳುತ್ತೀ, ತೋರಿಸು” ಎಂದು ಅಂಗಳದಲ್ಲಿಯೇ ಪರೀಕ್ಷಿಸಲಿ. ವೇಗದ ಲೆಕ್ಕವನ್ನು ಆಮೇಲೆ ಕೇಳಿದರಾಯಿತು.