ನಾಲೆ ಏರಿಯ ಮೇಲೊಂದು ಸೈಕಲ್ ಹಾದಿ

ನಸುಕಿಗೇ ಮೈಸೂರಿನ ಕುವೆಂಪುನಗರ ಬಿಡುವ ಸೈಕಲ್ ಸವಾರರ ಮುಖ ಹೆಚ್ಚಾಗಿ ಚಾಮುಂಡಿ ಬೆಟ್ಟದ ಕಡೆಗೇ. ಏರು ಕಾಲಿಗೆ ಒಳ್ಳೆಯದೇ. ಆದರೆ ಹೊತ್ತೇರಿದಂತೆ ತಿರುವುತಿರುವಿಗೂ ಕಾರಿನ ಹಾರ್ನ್ ಬೆನ್ನಿಗೆ ಬಿದ್ದು, ಸೈಕಲ್ಲಿನವನು ರಸ್ತೆಯಂಚಿನ ಜಲ್ಲಿಗೆ ಇಳಿಯಬೇಕು. ಈ ವಿಷಯದಲ್ಲಿ ಫ್ರಾನ್ಸಿನವರು ಜಾಣರು, ರೈಲು ನಿಂತುಹೋದ ಕಡೆ ಹಳಿ ಕಿತ್ತು ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದಾರೆ. ದಕ್ಷಿಣದ ಗುಡ್ಡಗಾಡಿನಲ್ಲಿ ಬೆದಾರಿಯುವಿನಿಂದ ಮಝಾಮೆವರೆಗೆ ಸುಮಾರು 80 ಕಿ.ಮೀ. ಇಂಥದೊಂದು ಹಾದಿಯಿದೆ. ಉಗಿಬಂಡಿ ಕಡಿದಾದ ಏರು ಹತ್ತಲಾರದೆಂದು ಹಳಿಯನ್ನು ಮೆಲ್ಲನೆ ಏರುವಂತೆ ಹಾಸಿದ್ದರು. ಹಾಗಾಗಿ ಅಷ್ಟು ಗುಡ್ಡಗಳ ನಡುವೆಯೂ ಮಂಡಿಗೆ ನೋವಿಲ್ಲ, ಸುರಂಗದೊಳಗೂ ಸವಾರಿ. ನಮಗೆ ಹಾಗೆ ಬಿಟ್ಟ ಹಳಿ ಎಲ್ಲಿದೆ? ನಾಲೆಯಿದೆಯಲ್ಲ! ನಮ್ಮೂರ ಬಳಿಯ ವರುಣಾ ನಾಲೆಯೂ ನೀರು ಹರಿಯಲೆಂದು ಮಟ್ಟ ನೋಡಿ ತೋಡಿದ್ದೇ, ಅದರ ಏರಿಯ ಮೇಲೂ ಮಂಡಿಗೆ ನೋವಿಲ್ಲ. 2017ರಲ್ಲೇ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ತಂದ ಮೈಸೂರಿಗೆ, ನಾಲೆ ಏರಿಯ ಮೇಲೆ ಕಾರು ನುಸುಳದಂತೆ ನಾಲ್ಕು ಗೂಟ ನೆಟ್ಟು, ನೀರಿನ ಬದಿಗೆ ಬೇಲಿ ಹಾಕಿಸುವುದೇನು ಮಹಾ ಕೆಲಸವೇ?