‘ಹೋಗಿ ಬರ್ತೇನೆ’ ಅನ್ನು ಮಾರಾಯ್ತಿ

ಇಂಜಿನಿಯರಿಂಗ್ ಮುಗಿಸಿ ಯುರೋಪಿನಲ್ಲಿ ಸೈಕಾಲಜಿ ಓದ್ತೇನೆ ಅಂದಳು ಕುಮಟಾದ ಗೆಳತಿ. ಮನೆಯವರು ಕೇಳಿದ್ದು ಒಂದೇ: “ಹುಚ್ಚರ ಡಾಕ್ಟ್ರು ಆಗೂದು ಎಂತಕ್ಕೆ?”

ಈ ದಾರಿ ಹೊಸತಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದವರೂ ಅವರೇ. ಇಸಿ ಬ್ರಾಂಚಿನವರು ಗಮನಿಸಿ!

ಆದ್ರೆ ಹೊರಡೋ ಮುಂಚೆ ಲೆಕ್ಕ ಹಾಕಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿವಿಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಸೈಕಾಲಜಿ ಪದವಿ ಬಹುತೇಕ ಜರ್ಮನ್ ಭಾಷೆಯಲ್ಲೇ ಇರುತ್ತೆ. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಸೈಕಾಲಜಿ ಪದವಿಯನ್ನೇ ಕೇಳ್ತಾರೆ, ಬಿ.ಇ. ಸಾಲಲ್ಲ. ವಾಪಸ್ ಬಂದು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಇಷ್ಟಾದರೂ ಅವಳು ಹೋಗಬೇಕು ಅಂತೀನಿ. ಭಟ್ಕಳದ ನವಾಯತಿ, ಹೊನ್ನಾವರದ ಕೊಂಕಣಿ, ಕುಮಟಾದ ಹವಿಗನ್ನಡ, ಹಾಲಕ್ಕಿ ಕನ್ನಡ: ನಮ್ಮ ಕಡೆ ಸಂಕಟ ಬಾಯಿಗೆ ಬರೋದು ಮನೆಮಾತಿನಲ್ಲಿ. ಅದನ್ನು ಯಾವ ಯುರೋಪೂ ಕಲಿಸಲ್ಲ, ಇಲ್ಲಿಂದ ಹೋದವರಿಗೇ ಗೊತ್ತಿರಬೇಕು.

ಹೊರಡುವಾಗ ‘ಹೋಗ್ತೇನೆ’ ಅನ್ನಬಾರದು, ‘ಹೋಗಿ ಬರ್ತೇನೆ’ ಅನ್ನಬೇಕು ಅಂತ ಅಜ್ಜಿ ಹೇಳ್ತಿದ್ರು. ಅವಳಿಗೆ ನಾನು ಹೇಳೋದೂ ಅಷ್ಟೇ.