ಜೋಗುಪಾಳ್ಯದಲ್ಲಿ ಕೊರಿಯನ್ ಕಲಿಕೆ

ಹಲಸೂರು, ಇಂದಿರಾನಗರಗಳ ನಡುವಿನ ಜೋಗುಪಾಳ್ಯದಲ್ಲಿ ತಮಿಳು, ತೆಲುಗು, ಉರ್ದು, ಕನ್ನಡಗಳು ಒಟ್ಟಿಗೆ ಕಿವಿಗೆ ಬೀಳುವುದು ಹೊಸತಲ್ಲ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಸಾಲಿಗೆ ಕೊರಿಯನ್ ಶಬ್ದಗಳೂ ಸೇರಿವೆ. ಇಲ್ಲಿನ ಕಾಲೇಜು ಹುಡುಗಿಯರು ಕಣ್ಣಿಗೆ 'ನುನ್', ಕೈಗೆ 'ಸೋನ್', ಮೂಗಿಗೆ 'ಕೊ' ಎನ್ನುವುದನ್ನು ನಾನು ಕೇಳಿದ್ದೇನೆ. ಯಾವ ಶಾಲೆಯೂ ಇದನ್ನು ಅವರಿಗೆ ಕಲಿಸಿಲ್ಲ. ಬಿಟಿಎಸ್ ತಂಡದ ಹಾಡುಗಳು, ಕೊರಿಯನ್ ಧಾರಾವಾಹಿಗಳು ಕಲಿಸಿವೆ. ಹಿರಿಯರು ಇದನ್ನು ಹುಚ್ಚೆಂದು ತಳ್ಳಿಹಾಕುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ.

ಆ ತಂಡದ 2016ರ ಪ್ರಸಿದ್ಧ ಗೀತೆಯೊಂದರ ಶೀರ್ಷಿಕೆಯಲ್ಲೇ ರಕ್ತ, ಬೆವರು, ಕಣ್ಣೀರು ಎಂಬ ಮೂರು ಪದಗಳಿವೆ. ಕಣ್ಣೀರಿಗೆ ಅವರು 'ನುನ್‌ಮುಲ್' ಎನ್ನುತ್ತಾರೆ. 'ನುನ್' ಎಂದರೆ ಕಣ್ಣು, 'ಮುಲ್' ಎಂದರೆ ನೀರು. ನಮ್ಮ ಸಮಾಸವೂ ಅದೇ ಅಲ್ಲವೇ? ಕಿವಿ ತೆಳುವಾದವನು ಎಂದರೆ ಅಲ್ಲಿ ಯಾರ ಮಾತಿಗೂ ಬೇಗ ಒಲಿಯುವವನು. ನಮ್ಮ ಹಿತ್ತಾಳೆ ಕಿವಿಯವನಿಗೆ ಹತ್ತಿರದ ಸಂಬಂಧಿ. ಕಾಲಿಗೆ ಮಾತ್ರ ಅಲ್ಲಿ ಎರಡು ಪದಗಳು: ಪಾದಕ್ಕೆ 'ಬಾಲ್', ಇಡೀ ಕಾಲಿಗೆ 'ದಾರಿ'. ಆ 'ದಾರಿ'ಗೆ ಸೇತುವೆ ಎಂಬ ಅರ್ಥವೂ ಇರುವುದು ಕನ್ನಡಿಗನಿಗೆ ತಮಾಷೆಯೆನಿಸೀತು. 1905ರಲ್ಲಿ ಹೋಮರ್ ಹಲ್ಬರ್ಟ್ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದ. ಇಂದಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ಇವು ಕೇವಲ ಆಕಸ್ಮಿಕ ಸಾಮ್ಯಗಳು.

ಆದರೆ ಒಂದು ತೊಡಕು ಎರಡೂ ಕಡೆ ಸಮಾನ. ನಾವು ಹಲ್ಲು ಎಂದು ಆಡಿ, ಫಲಕದ ಮೇಲೆ ದಂತ ಚಿಕಿತ್ಸಾಲಯ ಎಂದು ಬರೆಯುತ್ತೇವೆ. ಅಲ್ಲಿಯೂ ಹಾಡಿನ ಕಣ್ಣು 'ನುನ್', ಆಸ್ಪತ್ರೆಯ ಕಣ್ಣು ಚೀನೀ ಮೂಲದ 'ಆನ್'. ಹಾಡಿನಿಂದ ಕಲಿತವರು ಆಸ್ಪತ್ರೆಯ ಬಾಗಿಲಲ್ಲಿ ತಡವರಿಸುವುದು ಖಂಡಿತ. ಆದರೂ ಮೊದಲ ಮೆಟ್ಟಿಲನ್ನು ಅವರು ಏರಿರುತ್ತಾರೆ.

ಇದು ತಾನಾಗಿ ಆದದ್ದಲ್ಲ. 1997ರ ಆರ್ಥಿಕ ಬಿಕ್ಕಟ್ಟಿನ ಬಳಿಕ ದಕ್ಷಿಣ ಕೊರಿಯಾ ಸಂಸ್ಕೃತಿಯನ್ನು ಉದ್ಯಮವೆಂದು ಪರಿಗಣಿಸಿ, 1999ರಲ್ಲಿ ಅದರ ಉತ್ತೇಜನಕ್ಕೆ ಕಾಯ್ದೆಯನ್ನೇ ಮಾಡಿತು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢ ಹಂತದಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನನ್ನೂ ಹೆಸರಿಸಿತು. ಬೇಡಿಕೆ ಮೊದಲು ಹುಟ್ಟಿತು, ಪಠ್ಯಕ್ರಮ ಹಿಂದಿನಿಂದ ಬಂತು.

ನಮ್ಮಲ್ಲಿ ಕ್ರಮ ತಿರುವುಮುರುವು. 2024ರಲ್ಲಿ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಯಿತು. ಅದು ಬೇಕಾದದ್ದೇ, ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಫಲಕವನ್ನು ಓದಬೇಕೆಂಬ ಆಸೆಯನ್ನು ಕಾಯ್ದೆ ಹುಟ್ಟಿಸಲಾರದು. ಆ ಆಸೆಯನ್ನು ಹುಟ್ಟಿಸಬಲ್ಲ ಚಿತ್ರಗಳು ನಮ್ಮಲ್ಲಿ ಇಲ್ಲವೆಂದಲ್ಲ. 2022ರ 'ಕಾಂತಾರ'ವನ್ನು ದೇಶವೇ ನೋಡಿತು. ಆದರೆ ಹೊರಗಿನವರಲ್ಲಿ ಬಹುಪಾಲು ಜನ ಅದನ್ನು ನೋಡಿದ್ದು ತಮ್ಮ ಭಾಷೆಗೆ ಡಬ್ ಆದ ರೂಪದಲ್ಲಿ. ಕಥೆ ಅವರನ್ನು ತಲುಪಿತು, ಕನ್ನಡ ತಲುಪಲಿಲ್ಲ. ಜೋಗುಪಾಳ್ಯದ ಹುಡುಗಿ ಕೊರಿಯನ್ ಕಲಿತದ್ದು ಮೂಲ ದನಿಯನ್ನು ಕೇಳುತ್ತಾ, ಕೆಳಗಿನ ಅಡಿಬರಹವನ್ನು ಓದುತ್ತಾ.

ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ನೀಡುತ್ತಲೇ ಇದೆ. ಸಹಾಯಧನ ಪಡೆದ ಪ್ರತಿ ಚಿತ್ರಕ್ಕೂ ಕನ್ನಡ ಲಿಪಿಯ ಮತ್ತು ಇಂಗ್ಲಿಷಿನ ಅಡಿಬರಹ ಇರಲೇಬೇಕೆಂದು ಷರತ್ತು ಹಾಕಬಹುದು. ಕಡತಗಳ ನಡುವೆ ಬದುಕು ಕಳೆದವನಾಗಿ ಹೇಳುತ್ತೇನೆ: ಇದಕ್ಕೆ ಹೊಸ ಕಾಯ್ದೆ ಬೇಡ, ಆದೇಶದಲ್ಲಿ ಒಂದು ಸಾಲು ಸಾಕು.